ಪೂಜೆಗೆ ಕರೆದು ಮುಗಿಸಿದರು

ಮಧುಗಿರಿ ಪಾಳೇಗಾರರ ಕತೆ ಕೇಳ್ತಾ ಬೆಳೆದ ನಮಗೆ ಅರಮನೆ ಒಳಸಂಚು ಹೊಸದೇನಲ್ಲ. ಆದರೂ ಜಪಾನಿನ ಹಿಕಿ ಮನೆತನದ ಕತೆ ಓದಿ ನನಗೆ ನಿದ್ದೆ ಬರಲಿಲ್ಲ.

ಕಾಮಾಕುರ ಊರಿಂದ ಆಳಿದ ಮೊದಲ ಶೋಗನ್ (ಸೇನೆಯ ಬಲದಿಂದ ದೇಶ ಆಳುವವನು) ಯೊರಿತೊಮೊ, ಪಟ್ಟಕ್ಕೆ ಬರೋ ಮೊದಲು ಗಡೀಪಾರಾಗಿ ಇಜು ಪ್ರಾಂತ್ಯದಲ್ಲಿದ್ದ ಸುಮಾರು 20 ವರ್ಷ ಅವನ ಕೈಬಿಡದವಳು ಅವನ ಸಾಕುತಾಯಿ, ಈ ಮನೆಯ ಹೆಂಗಸು. ಆ ಋಣದಿಂದ ಹಿಕಿಗಳು ಮೇಲೆ ಬಂದರು. ಯಜಮಾನ ಯೊಶಿಕಾಜುವಿನ ಮಗಳಿಗೆ ಎರಡನೇ ಶೋಗನ್ ಯೊರಿಯೆಯಿಂದ ಗಂಡು ಮಗುವೂ ಆಯಿತು. ಆ ಮಗು ಮುಂದೆ ಶೋಗನ್ ಆದರೆ ಅಧಿಕಾರ ಹಿಕಿಗಳ ಕೈಗೆ. ಇನ್ನು ಯೊರಿಯೆಯ ತಾಯಿಯ ತಂದೆ ಹೋಜೊ ತೊಕಿಮಾಸ ಸುಮ್ನೆ ಇರ್ತಾನಾ?

1203ರಲ್ಲಿ ಯೊರಿಯೆ ಹಾಸಿಗೆ ಹಿಡಿದ. ತೊಕಿಮಾಸ ಬುದ್ಧನ ಪೂಜೆಗೆ ಬಾ ಅಂತ ಯೊಶಿಕಾಜುವಿಗೆ ಹೇಳಿ ಕಳಿಸಿದ. ಮನೆಯವರು ಆಳುಗಳಿಗೆ ಕವಚ ತೊಡಿಸಿ ಕರ್ಕೊಂಡು ಹೋಗು ಅಂದರು. ಹಾಗೆ ಹೋದರೆ ಅನುಮಾನ ಬರುತ್ತೆ ಅಂತ ಅವನು ಬಿಳಿ ಬಟ್ಟೆ ಉಟ್ಟು, ಕಪ್ಪು ಕುದುರೆ ಹತ್ತಿ, ಬೆರಳೆಣಿಕೆ ಜನರ ಜೊತೆ ಹೊರಟ. ಒಳಗೆ ಕಾಲಿಟ್ಟ ಕೂಡಲೇ ಹಿಡಿದು ಕೊಂದರು. ಅದೇ ದಿನ ಹಿಕಿ ಮನೆಗೆ ಮುತ್ತಿಗೆ, ಬೆಂಕಿ. ಮಗು ಇಚಿಮಾನ್ ಬೆಂಕಿಯಲ್ಲೇ ಸತ್ತ ಅಂತ ಕಾಮಾಕುರದ ಚರಿತ್ರೆ ಬರೆದ 'ಅಜುಮಾ ಕಾಗಾಮಿ' ಪುಸ್ತಕ ಹೇಳುತ್ತೆ, ತಪ್ಪಿಸಿಕೊಂಡ ಮೇಲೆ ಹುಡುಕಿ ಕೊಂದರು ಅಂತ ಇನ್ನೊಂದು ಹಳೆ ಪುಸ್ತಕ 'ಗುಕಾನ್‌ಶೋ' ಹೇಳುತ್ತೆ.

ತೊಕಿಮಾಸನ ವಿರುದ್ಧ ಸಂಚು ಮೊದಲು ಮಾಡಿದ್ದು ಯೊಶಿಕಾಜುನೇ, ಅದನ್ನು ಯೊರಿಯೆಯ ತಾಯಿ ಮಸಾಕೊ ಮರೆಯಲ್ಲಿ ನಿಂತು ಕೇಳಿಸಿಕೊಂಡಳು ಅಂತಲೂ 'ಅಜುಮಾ ಕಾಗಾಮಿ'ಯಲ್ಲಿದೆ. ಮಸಾಕೊ ತೊಕಿಮಾಸನ ಮಗಳು, ಆ ಪುಸ್ತಕ ಬರೆಸಿದ್ದೂ ಹೋಜೊಗಳ ಆಳ್ವಿಕೆಯಲ್ಲೇ. ನಂಬೋಕಾಗುತ್ತಾ? ನನಗಂತೂ ಆಗಲ್ಲ.

ಯೊರಿಯೆಯನ್ನು ಇಜುವಿನ ಶುಜೆಂಜಿಗೆ ಅಟ್ಟಿ 1204ರಲ್ಲಿ ಕೊಲ್ಲಿಸಿದರು. ತೊಕಿಮಾಸನೂ ಜಾಸ್ತಿ ದಿನ ಮೆರೆಯಲಿಲ್ಲ. 1205ರಲ್ಲಿ ಅವನ ಮಕ್ಕಳೇ ಅವನನ್ನು ಇಜುಗೆ ಓಡಿಸಿದರು.