ಸೊಂಟನೋವಿಗೆ ತಂದ ಮಾತ್ರೆ ಜ್ವರಕ್ಕೆ ಬೇಡ

ಅಡಿಕೆ ಕೊಯ್ಲು ಶುರುವಾದರೆ ನಮ್ಮ ಕಡೆ ಮೈಕೈ ನೋವಿಲ್ಲದ ಮನೆ ಸಿಗುವುದಿಲ್ಲ. ಕೊನೆ ಇಳಿಸುವವರಿಗೆ ಭುಜ, ಹೊರುವವರಿಗೆ ಸೊಂಟ, ರಾತ್ರಿ ಹೊತ್ತು ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವ ಹೆಂಗಸರಿಗೆ ಕುತ್ತಿಗೆ, ಬೆರಳು. ನಾನು ತೀರ್ಥಹಳ್ಳಿ ಕಡೆ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವಳು. ದಿನಾ ಕೇಳುವ ಮಾತು, "ಎರಡು ನೋವಿನ ಮಾತ್ರೆ ಕೊಡಿ." ಯಾವುದು ಬೇಕು ಅಂದರೆ, "ಯಾವುದಾದ್ರೂ ಆಗ್ತದೆ, ಎಲ್ಲಾ ಒಂದೇ ಅಲ್ವಾ?"

ಒಂದೇ ಅಲ್ಲ. ಇದನ್ನು ಕೌಂಟರಿನಲ್ಲಿ ನಿಂತು ಅರ್ಧ ನಿಮಿಷದಲ್ಲಿ ಹೇಳಲು ಆಗುವುದಿಲ್ಲ, ಹಿಂದೆ ಇನ್ನೂ ನಾಲ್ಕು ಜನ ಕಾಯುತ್ತಿರುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ನೋವಿನ ಮಾತ್ರೆಗಳಲ್ಲಿ ಎರಡು ಜಾತಿ. ಒಂದು ಪ್ಯಾರಾಸಿಟಮಾಲ್. ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಎಲ್ಲ ಅದೇ. ಇನ್ನೊಂದು ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಮೆಫೆನಾಮಿಕ್ ಆಸಿಡ್, ನಿಮೆಸುಲೈಡ್ ಇರುವ ಗುಂಪು. ಡಾಕ್ಟರುಗಳು ಇವಕ್ಕೆ ಎನ್‌ಎಸ್‌ಎಐಡಿ ಅನ್ನುತ್ತಾರೆ. ನೋವಿನ ಜೊತೆ ಊತವನ್ನೂ ಇಳಿಸುತ್ತವೆ. ಕಾಂಬಿಫ್ಲಾಮ್ ತರದವುಗಳಲ್ಲಿ ಎರಡೂ ಜಾತಿ ಸೇರಿರುತ್ತದೆ: ಐಬುಪ್ರೊಫೆನ್ 400 ಮಿಲಿಗ್ರಾಂ, ಪ್ಯಾರಾಸಿಟಮಾಲ್ 325.

ಮೈಯಲ್ಲಿ ಎಲ್ಲಾದರೂ ಪೆಟ್ಟು ಬಿದ್ದರೆ, ಉಳುಕಿದರೆ, ಅಲ್ಲಿ ಪ್ರೋಸ್ಟಗ್ಲ್ಯಾಂಡಿನ್ ಅನ್ನುವ ವಸ್ತು ತಯಾರಾಗುತ್ತದೆ. ಅದರಿಂದ ಆ ಜಾಗ ಕೆಂಪಾಗಿ ಊದುತ್ತದೆ, ಸಣ್ಣದಾಗಿ ಮುಟ್ಟಿದರೂ ನರ ಜೋರಾಗಿ ಕೂಗಿಕೊಳ್ಳುತ್ತದೆ. ಅದನ್ನು ತಯಾರಿಸುವ ಕಿಣ್ವದ ಹೆಸರು ಕಾಕ್ಸ್. ಎರಡನೇ ಗುಂಪಿನ ಮಾತ್ರೆಗಳು ಈ ಕಾಕ್ಸನ್ನೇ ತಡೆಯುತ್ತವೆ. ಆಸ್ಪಿರಿನ್ 1899ರಿಂದ ಮಾರಾಟದಲ್ಲಿದ್ದರೂ ಅದು ಕೆಲಸ ಮಾಡುವ ಬಗೆ ಗೊತ್ತಾಗಿದ್ದು 1971ರಲ್ಲಿ. ಜಾನ್ ವೇನ್ ಅನ್ನುವ ವಿಜ್ಞಾನಿ ಅದನ್ನು ತೋರಿಸಿದರು. ಪ್ರೋಸ್ಟಗ್ಲ್ಯಾಂಡಿನ್ ಕುರಿತ ಕೆಲಸಕ್ಕೆ 1982ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು.

ತೊಂದರೆ ಎಲ್ಲಿ ಬರುತ್ತದೆ ಅಂದರೆ, ಈ ಪ್ರೋಸ್ಟಗ್ಲ್ಯಾಂಡಿನ್ ಬರೀ ನೋವು ಕೊಡುವ ವಸ್ತು ಅಲ್ಲ. ಹೊಟ್ಟೆಯ ಒಳಪದರವನ್ನು ಆಸಿಡ್ ಸುಡದಂತೆ ಕಾಯುವುದೂ ಅದೇ. ಕಿಡ್ನಿಗೆ ರಕ್ತ ಸರಿಯಾಗಿ ಹರಿಯಲೂ ಅದು ಬೇಕು. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತು ತಯಾರಾಗುವುದೂ ಅದೇ ಕಾಕ್ಸಿನಿಂದ. ಮಾತ್ರೆ ಸೊಂಟಕ್ಕೆ ಮಾತ್ರ ಹೋಗಿ ಕೆಲಸ ಮಾಡುವುದಿಲ್ಲ, ರಕ್ತದಲ್ಲಿ ಸೇರಿ ಇಡೀ ಮೈಗೆ ಹೋಗುತ್ತದೆ. ತೋಟದ ಮೇನ್ ಪೈಪಿನ ವಾಲ್ವ್ ತಿರುಗಿಸಿದರೆ ಒಂದೇ ಸಾಲಿಗೆ ನೀರು ನಿಲ್ಲುತ್ತದಾ?

"ನಾನು ಊಟ ಮಾಡಿಯೇ ತಗೊಳ್ಳೋದು, ಏನೂ ಆಗೋಲ್ಲ" ಅನ್ನುವವರು ತುಂಬಾ ಜನ. ಊಟದ ಮೇಲೆ ತಗೊಂಡರೆ ಉರಿ, ವಾಕರಿಕೆ ಕಡಿಮೆಯಾಗಬಹುದು ನಿಜ. ಆದರೆ ಹುಣ್ಣಾಗುವ ಅಪಾಯ ಹೋಗುವುದಿಲ್ಲ, ಯಾಕೆಂದರೆ ಹಾನಿ ಮುಖ್ಯವಾಗಿ ರಕ್ತದ ದಾರಿಯಿಂದಲೇ ಬರುತ್ತದೆ. ಹಾಗಾಗಿ "ಮಾತ್ರೆ ಬೇಡ, ಹೊಟ್ಟೆ ಹಾಳು, ಒಂದು ಇಂಜೆಕ್ಷನ್ ಕೊಡಿಸಿ" ಅನ್ನುವುದರಲ್ಲೂ ಅರ್ಥವಿಲ್ಲ. ಡೈಕ್ಲೋಫೆನಾಕ್ ಸೂಜಿಯಲ್ಲಿ ಹೋದರೂ ಹೊಟ್ಟೆಯ ಪದರಕ್ಕೆ ಅದೇ ಡೈಕ್ಲೋಫೆನಾಕ್. ಒಂದೆರಡು ದಿನಕ್ಕೆ, ಆರೋಗ್ಯವಾಗಿರುವವರಿಗೆ ಸಾಮಾನ್ಯವಾಗಿ ಏನೂ ಆಗದೇ ಇರಬಹುದು. ಸೀಸನ್ ಪೂರ್ತಿ, ಬೆಳಿಗ್ಗೆ ಒಂದು ರಾತ್ರಿ ಒಂದು ಅಂತ ನುಂಗುತ್ತಾ ಹೋದರೆ ಹೊಟ್ಟೆಯೊಳಗೆ ಸದ್ದಿಲ್ಲದೆ ರಕ್ತ ಸೋರಲು ಶುರುವಾಗಬಹುದು. ಮಲ ಕಪ್ಪಗೆ ಅಂಟಂಟಾಗಿ ಹೋದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ವಯಸ್ಸಾದವರ ವಿಷಯದಲ್ಲಿ ನನಗೆ ನಿಜಕ್ಕೂ ಹೆದರಿಕೆ. ಬಿಪಿಗೆ ಮಾತ್ರೆ ನಡೀತಿರುತ್ತದೆ, ಜೊತೆಗೆ ಮೂತ್ರ ಹೋಗಿಸುವ ಮಾತ್ರೆ, ಮೇಲೆ ಇವರೇ ಮಂಡಿನೋವಿಗೆ ಅಂತ ತಂದು ನುಂಗುವ ಇನ್ನೊಂದು. ಬಿಪಿ ಮಾತ್ರೆ ಕೆಲವು ಬಗೆಯದ್ದಾಗಿದ್ದರೆ ಈ ಮೂರೂ ಸೇರಿ ಕಿಡ್ನಿಗೆ ರಕ್ತ ಕಡಿಮೆಯಾಗಿ ಅದು ಸೋಲಬಹುದು. ಬಿಸಿಲಲ್ಲಿ ಕೆಲಸ ಮಾಡಿ ನೀರು ಕುಡಿಯದೇ ಇದ್ದರೆ, ಇಲ್ಲವೇ ವಾಂತಿ ಭೇದಿ ಇದ್ದರೆ ಇನ್ನೂ ಬೇಗ. ಆಸ್ಪಿರಿನ್ ಬಿಟ್ಟರೆ ಈ ಗುಂಪಿನ ನೋವಿನ ಮಾತ್ರೆಗಳು ಬಿಪಿಯನ್ನೂ ಏರಿಸಬಹುದು, ಹೃದಯಾಘಾತದ ಅಪಾಯವನ್ನೂ ಹೆಚ್ಚಿಸಬಹುದು. ಹೃದಯಕ್ಕೆ ಅಂತ ದಿನಾ ಸಣ್ಣ ಆಸ್ಪಿರಿನ್ ತಗೊಳ್ಳುವವರು ಜೊತೆಗೆ ಐಬುಪ್ರೊಫೆನ್ ನುಂಗಿದರೆ ಆ ಆಸ್ಪಿರಿನ್ನಿನ ಕೆಲಸವೂ ಕೆಡಬಹುದು. ಮಂಡಿನೋವಿಗೆ ಮೊದಲು ಹಚ್ಚುವ ಜೆಲ್ ನೋಡಿ ಅಂತ ನಾನು ಹೇಳುತ್ತೇನೆ. ಅದರಿಂದ ರಕ್ತಕ್ಕೆ ಸೇರುವ ಔಷಧಿ ತೀರಾ ಕಡಿಮೆ. ಬಸುರಿಯರು ಡಾಕ್ಟರನ್ನು ಕೇಳದೆ ಈ ಗುಂಪಿನ ಯಾವುದನ್ನೂ ತಗೊಳ್ಳಬಾರದು. ನಿಮೆಸುಲೈಡನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಿದ್ದಾರೆ.

ಹಾಗಾದರೆ ಪ್ಯಾರಾಸಿಟಮಾಲ್ ಎಷ್ಟು ನುಂಗಿದರೂ ಸರಿಯಾ? ಇಲ್ಲ. ಅದು ಹೆಚ್ಚಾಗಿ ಮೆದುಳು, ಬೆನ್ನುಹುರಿಯ ಮಟ್ಟದಲ್ಲಿ ಕೆಲಸ ಮಾಡುತ್ತದೆ, ಹೊಟ್ಟೆಗೆ, ಕಿಡ್ನಿಗೆ ಅಷ್ಟು ಕಾಟ ಕೊಡುವುದಿಲ್ಲ. ಅದರ ಅಪಾಯ ಲಿವರಿನಲ್ಲಿ. ಲಿವರ್ ಈ ಔಷಧಿಯನ್ನು ಒಡೆಯುವಾಗ ಸ್ವಲ್ಪ ಭಾಗ ವಿಷವಾಗುತ್ತದೆ, ಅದನ್ನು ಅಡಗಿಸುವ ವಸ್ತುವೂ ಲಿವರಿನಲ್ಲೇ ಇದೆ. ಪ್ರಮಾಣ ಮೀರಿದರೆ ಆ ವಸ್ತು ಖಾಲಿ. ದೊಡ್ಡವರಿಗೆ ದಿನಕ್ಕೆ 4000 ಮಿಲಿಗ್ರಾಂ ಗರಿಷ್ಠ, ದಿನಾ ಕುಡಿಯುವವರಿಗೆ, ಲಿವರ್ ತೊಂದರೆ ಇದ್ದವರಿಗೆ ಅದಕ್ಕಿಂತ ಕಡಿಮೆ. ಅಷ್ಟು ಯಾರು ನುಂಗುತ್ತಾರೆ ಅನಿಸುತ್ತದೆ ಅಲ್ವಾ? ಲೆಕ್ಕ ಹಾಕಿ. ಜ್ವರಕ್ಕೆ ಡೋಲೋ 650 ಮೂರು ಹೊತ್ತು, ಅದು 1950. ಶೀತದ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ 500 ಇದ್ದರೆ ಮೂರು ಹೊತ್ತಿಗೆ 1500. ಮೈಕೈ ನೋವಿಗೆ ಅಂತ ಅಸಿಕ್ಲೋಫೆನಾಕ್ ಜೊತೆ ಪ್ಯಾರಾಸಿಟಮಾಲ್ 325 ಸೇರಿದ ಮಾತ್ರೆ ಎರಡು, 650. ಒಟ್ಟು 4100. ನುಂಗಿದವರ ಪ್ರಕಾರ ಮೂರು ಬೇರೆ ಬೇರೆ ಮಾತ್ರೆ. ವಿಷವಾದರೂ ಮೊದಲ ದಿನ ಬರೀ ವಾಕರಿಕೆ, ಕೆಲವರಿಗೆ ಅದೂ ಇಲ್ಲ, ಲಿವರ್ ಕೆಟ್ಟಿದ್ದು ತಿಳಿಯುವುದು ಎರಡು ಮೂರು ದಿನದ ಮೇಲೆ. ಇದಕ್ಕೆ ಪ್ರತಿವಿಷ ಇದೆ, ಮೊದಲ ಎಂಟು ಗಂಟೆಯೊಳಗೆ ಕೊಟ್ಟರೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಾಗಿ ಜಾಸ್ತಿ ನುಂಗಿದ್ದು ಗೊತ್ತಾದರೆ "ಹುಷಾರಾಗಿಯೇ ಇದ್ದಾನಲ್ಲ" ಅಂತ ಕಾಯಬೇಡಿ.

ಬಿಡಿ ಮಾತ್ರೆ ಕೊಡುವಾಗ ಸ್ಟ್ರಿಪ್ಪನ್ನು ಕತ್ತರಿಯಲ್ಲಿ ಕತ್ತರಿಸುತ್ತೇವಲ್ಲ, ಹೆಸರಿರುವ ತುದಿ ಎಷ್ಟೋ ಸಲ ಅಂಗಡಿಯಲ್ಲೇ ಉಳಿಯುತ್ತದೆ, ಮನೆಗೆ ಹೋಗುವುದು ಬೆಳ್ಳಿ ಹಾಳೆಯ ಎರಡು ಗುಂಡಿ. ಆರು ತಿಂಗಳಾದ ಮೇಲೆ ಡಬ್ಬಿ ತೆರೆದರೆ ಯಾವುದು ಏನು ಅಂತ ಯಾರಿಗೂ ಗೊತ್ತಿಲ್ಲ. ನಾನು ಕವರ್ ಮೇಲೆ ಕನ್ನಡದಲ್ಲಿ ಒಳಗಿನ ಔಷಧಿಯ ಹೆಸರು, ತಾರೀಖು ಬರೆದು ಕೊಡುತ್ತೇನೆ. ನೀವು ಎಲ್ಲೇ ತಗೊಂಡರೂ ಬರೆಸಿಕೊಳ್ಳಿ, ಕೇಳಲು ಸಂಕೋಚ ಬೇಡ. ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ್ ಚೀಟಿ ಬೇಕಾದ ಔಷಧಿ. ಚೀಟಿ ಇಲ್ಲದೆಯೂ ಸಿಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಸಿಕ್ಕಿತು ಅಂದ ಮಾತ್ರಕ್ಕೆ ಅಪಾಯವಿಲ್ಲ ಅಂತಲ್ಲ.

ಈಗ ಜ್ವರದ ವಿಷಯ. ಇಷ್ಟೆಲ್ಲ ಬರೆಯಲು ಕೂತಿದ್ದೇ ಇದಕ್ಕೆ. ಮಂಗನ ಕಾಯಿಲೆ ಅಂದರೆ ಕಾಡಿನ ಉಣುಗು (ರಕ್ತ ಹೀರುವ ಸಣ್ಣ ಹುಳ) ಕಚ್ಚಿ ಬರುವ ವೈರಸ್ ಜ್ವರ. ಅದು ಮೊದಲು ಪತ್ತೆಯಾಗಿದ್ದು 1957ರಲ್ಲಿ, ನಮ್ಮದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಾಗರದ ಅರಳಗೋಡಿನಲ್ಲಿ 2018-19ರಲ್ಲಿ ಅದು ಮಾಡಿದ ಸಾವುನೋವು ಈ ಕಡೆ ಯಾರೂ ಮರೆತಿಲ್ಲ. ಹೆಚ್ಚಾಗಿ ಬರುವುದು ಡಿಸೆಂಬರಿನಿಂದ ಮೇ ಒಳಗೆ. ಅಂದರೆ ಕೊಯ್ಲು, ಸುಲಿತ, ಬೆಟ್ಟಕ್ಕೆ ಹೋಗಿ ದರಗು (ಒಣಗಿದ ಎಲೆ) ಗುಡಿಸಿ ತರುವ ಕಾಲ, ಉಣುಗು ಕಚ್ಚುವ ಕಾಲ, ಮನೆಮನೆಯ ಡಬ್ಬಿಯಲ್ಲಿ ನೋವಿನ ಮಾತ್ರೆ ಇರುವ ಕಾಲ, ಎಲ್ಲ ಒಟ್ಟಿಗೆ. ರೋಗ ಶುರುವಾಗುವುದೂ ಹಠಾತ್ ಜ್ವರ, ತಲೆನೋವು, ವಿಪರೀತ ಮೈಕೈ ನೋವಿನಿಂದ. ಕೆಲಸದ ಆಯಾಸ ಅಂತ ಡಬ್ಬಿಯಿಂದ ಡೈಕ್ಲೋಫೆನಾಕ್ ತೆಗೆದು ನುಂಗುವುದು ಎಷ್ಟು ಸುಲಭ ನೋಡಿ. ಆದರೆ ಈ ಕಾಯಿಲೆಯಲ್ಲಿ ಕೆಲವರಿಗೆ ಮೂಗು, ವಸಡು, ಕರುಳಿನಲ್ಲಿ ರಕ್ತಸ್ರಾವ ಆಗುತ್ತದೆ. ಅಂಥ ಹೊತ್ತಿನಲ್ಲಿ ಹೊಟ್ಟೆಯ ಪದರ ಕೆಡಿಸುವ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ ಖಂಡಿತ ಬೇಡ. ಆಸ್ಪಿರಿನ್ ಅಂತೂ ಒಂದು ಸಲ ತಗೊಂಡರೆ ಅದರ ಪರಿಣಾಮ ಒಂದು ವಾರದವರೆಗೂ ಇರುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಇಳಿಯುವ ಡೆಂಗ್ಯೂಗೂ ಇದೇ ಮಾತು. ಮಳೆಗಾಲದಲ್ಲಿ ಗದ್ದೆ ನೀರಿನಿಂದ ಬರುವ ಇಲಿಜ್ವರ ಕಿಡ್ನಿಗೇ ಕೈ ಹಾಕುವ ರೋಗ, ಅದರ ಮೇಲೆ ಈ ಮಾತ್ರೆ ಬಿದ್ದರೆ ಕಿಡ್ನಿಗೆ ಎರಡು ಕಡೆಯಿಂದ ಪೆಟ್ಟು.

ಯಾವ ಜ್ವರ ಅಂತ ಗೊತ್ತಾಗುವವರೆಗೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಲೆಕ್ಕ ಇಟ್ಟು, ಎರಡು ಮಾತ್ರೆಗಳ ನಡುವೆ ಆರು ಗಂಟೆಯಾದರೂ ಬಿಟ್ಟು. ನೀರು, ಗಂಜಿ ಚೆನ್ನಾಗಿ ಕುಡಿಯಿರಿ. ಮಂಗನ ಕಾಯಿಲೆಗೆ ಅಂತಲೇ ಬೇರೆ ಔಷಧಿ ಇಲ್ಲ, ಬೇಗ ಆಸ್ಪತ್ರೆ ಸೇರಿ ಆರೈಕೆ ಪಡೆಯುವುದೇ ದಾರಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ ಕಾಡಿಗೆ ಯಾವಾಗ ಹೋಗಿದ್ದು, ಉಣುಗು ಕಚ್ಚಿತ್ತಾ, ಹತ್ತಿರದಲ್ಲಿ ಮಂಗ ಸತ್ತು ಬಿದ್ದಿತ್ತಾ ಅನ್ನುವುದನ್ನು ಅವರು ಕೇಳುವ ಮೊದಲೇ ಹೇಳಿ. ಅಷ್ಟರೊಳಗೆ ಯಾವ ಮಾತ್ರೆ ನುಂಗಿದ್ದೀರಿ ಅನ್ನುವುದನ್ನೂ ಹೇಳಿ, ಬೈಯುತ್ತಾರೆ ಅಂತ ಮುಚ್ಚಿಡಬೇಡಿ.