ಗೋಲಿಯಾಡ್‌ಗೆ ಹೋಗುವವರಿಗೆ: ಟೆಕ್ಸಸ್ ಸಮರದ ಸ್ವಯಂಸೇವಕ ಸೈನಿಕರ ದಾರಿ

ಹ್ಯೂಸ್ಟನ್, ಆಸ್ಟಿನ್, ಡಾಲಸ್‌ಗಳಲ್ಲಿ ನೆಲೆಸಿರುವ ನಮ್ಮವರು ಊರಿನಿಂದ ಬಂದ ತಂದೆತಾಯಿಗಳನ್ನು ಸ್ಯಾನ್ ಆಂಟೋನಿಯೊಗೆ ಕರೆದೊಯ್ದು, 1836ರ ಮುತ್ತಿಗೆಗೆ ಹೆಸರಾದ ಹಳೆಯ ಕೋಟೆ ಆಲಮೊದ ಎದುರು ಫೋಟೊ ತೆಗೆಸಿಕೊಂಡು, ಒಳಗೊಂದು ಸುತ್ತು ಹಾಕಿ, ರಿವರ್ ವಾಕ್ ಕಡೆಗೆ ಹೊರಟುಬಿಡುವುದು ವಾಡಿಕೆ. 1835–36ರ ಟೆಕ್ಸಸ್ ಸ್ವಾತಂತ್ರ್ಯ ಸಮರವನ್ನು ಅರಿಯಬೇಕೆಂಬ ಮನಸ್ಸುಳ್ಳವರಿಗೆ ಇಷ್ಟು ಸಾಲದು. ದೂರದ ಊರುಗಳಿಂದ ತಾವಾಗಿಯೇ ಬಂದು ಆ ಸಮರಕ್ಕೆ ಸೇರಿದ ಸ್ವಯಂಸೇವಕ ಸೈನಿಕರ ಕಥೆ ಆಲಮೊಗಿಂತಲೂ ಗೋಲಿಯಾಡ್ ಎಂಬ ಸಣ್ಣ ಊರಿನಲ್ಲಿ ಹೆಚ್ಚು ಸ್ಪಷ್ಟವಾಗಿ ತಿಳಿಯುತ್ತದೆ ಎಂಬುದು ಅಲ್ಲಿಗೆ ಹೋಗಿಬಂದ ಮೇಲೆ ನನಗಾದ ದೃಢವಾದ ಅಭಿಪ್ರಾಯ. ಎರಡು ದಿನ ಬಿಡುವು ಮಾಡಿಕೊಳ್ಳಬಲ್ಲವರು ಗೋಲಿಯಾಡ್ ಅನ್ನು ಮೊದಲು ನೋಡಿ, ಅನಂತರ ಆಲಮೊಗೆ ಹೋಗಬೇಕು.

ಹೊರಡುವ ಮುನ್ನ ಹಿನ್ನೆಲೆಯನ್ನು ತಿಳಿದುಕೊಂಡಿರುವುದು ಒಳ್ಳೆಯದು. ಆಗ ಟೆಕ್ಸಸ್ ಮೆಕ್ಸಿಕೊದ ಉತ್ತರದ ಗಡಿ ಸೀಮೆಯಾಗಿತ್ತು. ಮೆಕ್ಸಿಕೊದ ಅಧ್ಯಕ್ಷ ಸಾಂಟಾ ಆನಾ 1824ರ ಸಂವಿಧಾನವನ್ನು ಬದಿಗೊತ್ತಿ ಅಧಿಕಾರವನ್ನೆಲ್ಲ ರಾಜಧಾನಿಯಲ್ಲಿ ಕೇಂದ್ರೀಕರಿಸಿದಾಗ, ಅಮೆರಿಕದಿಂದ ಬಂದು ನೆಲೆಸಿದ್ದವರೂ ಮೆಕ್ಸಿಕನ್ ಮೂಲದ ಸ್ಥಳೀಯರಾದ ತೆಹಾನೊ ಜನರಲ್ಲಿ ಹಲವರೂ ದಂಗೆಯೆದ್ದರು. 1835ರ ಅಕ್ಟೋಬರ್ 2ರಂದು ಗೊಂಜಾಲೆಸ್‌ನಲ್ಲಿ ಒಂದು ಸಣ್ಣ ಫಿರಂಗಿಗಾಗಿ ನಡೆದ ಚಕಮಕಿಯ ಸುದ್ದಿ ಅಮೆರಿಕದ ದಕ್ಷಿಣ ರಾಜ್ಯಗಳಿಗೆ ತಲುಪುತ್ತಿದ್ದಂತೆಯೇ ಅಲ್ಲಿನ ತರುಣರು ದಳ ಕಟ್ಟತೊಡಗಿದರು. ನ್ಯೂ ಆರ್ಲಿಯನ್ಸ್‌ನ ಸಭೆಯೊಂದರಲ್ಲಿ ಹುಟ್ಟಿದ ಎರಡು ತುಕಡಿಗಳಿಗೆ ಅವರ ಬೂದು ಬಣ್ಣದ ಉಡುಪಿನಿಂದಾಗಿ ‘ಗ್ರೇಸ್’ ಎಂಬ ಹೆಸರಾಯಿತು. ಅಲಬಾಮದ ಕೋರ್ಟ್‌ಲ್ಯಾಂಡ್‌ನಲ್ಲಿ ವೈದ್ಯ ಜ್ಯಾಕ್ ಶ್ಯಾಕಲ್‌ಫರ್ಡ್ ಕಟ್ಟಿದ ದಳವು ಕೆಂಪು ಉಡುಪಿನಿಂದ ‘ರೆಡ್ ರೋವರ್ಸ್’ ಎನಿಸಿತು. ಜಾರ್ಜಿಯಾದಿಂದ ಒಂದು ಬೆಟಾಲಿಯನ್ನೇ ಬಂದಿತು. ಈ ಜನಕ್ಕೆ ಸ್ವಾತಂತ್ರ್ಯದ ಆವೇಶವೂ ಇತ್ತು, ಸೇವೆಗೆ ಪ್ರತಿಯಾಗಿ ಸಿಗಲಿದ್ದ ಜಮೀನಿನ ಆಸೆಯೂ ಇತ್ತು. ಮೆಕ್ಸಿಕೊ 1829ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದ್ದು ವಲಸಿಗ ಜಮೀನ್ದಾರರ ಅಸಮಾಧಾನಕ್ಕೆ ಒಂದು ಕಾರಣವಾಗಿತ್ತು. ಮುಂದೆ ಟೆಕ್ಸಸ್ ಗಣರಾಜ್ಯದ ಸಂವಿಧಾನ ಗುಲಾಮಗಿರಿಗೆ ರಕ್ಷಣೆ ನೀಡಿತು. ನಮ್ಮ ಸ್ವಾತಂತ್ರ್ಯ ಹೋರಾಟದ ಕಥೆಗಳನ್ನು ಕೇಳಿ ಬೆಳೆದ ಮಕ್ಕಳಿಗೆ ಇಲ್ಲಿನ ಶೌರ್ಯದ ಕಥೆ ಹೇಳುವಾಗ ಈ ಮಾತನ್ನು ಬಿಟ್ಟು ಹೇಳಬಾರದು.

ಹ್ಯೂಸ್ಟನ್‌ನಿಂದ ಗೋಲಿಯಾಡ್‌ಗೆ ಹೆದ್ದಾರಿ 59ರಲ್ಲಿ ಸುಮಾರು 150 ಮೈಲಿ. ಈ ದಾರಿಯಲ್ಲಿ ಹೊರಟರೆ ಘಟನೆಗಳು ನಡೆದ ಕ್ರಮದಲ್ಲಿಯೇ ಸ್ಥಳಗಳೂ ಎದುರಾಗುತ್ತವೆ ಎಂಬುದು ದೊಡ್ಡ ಅನುಕೂಲ. ವಿಕ್ಟೋರಿಯಾ ದಾಟಿದ ಮೇಲೆ ದೊಡ್ಡ ಅಂಗಡಿಗಳು ಸಿಗುವುದಿಲ್ಲವಾದ್ದರಿಂದ ಪೆಟ್ರೋಲು, ನೀರು, ಹಣ್ಣುಗಳನ್ನು ಅಲ್ಲಿಯೇ ತುಂಬಿಸಿಕೊಳ್ಳಿ. ಸಸ್ಯಾಹಾರಿಗಳು ಚಿತ್ರಾನ್ನ, ಚಪಾತಿ ಕಟ್ಟಿಕೊಂಡು ಹೋಗುವುದು ಲೇಸು. ಸಣ್ಣ ಊರುಗಳ ಹೋಟೆಲುಗಳಲ್ಲಿ ಬೀನ್ಸ್ ಟಾಕೊ ಸಿಗುತ್ತದೆಯಾದರೂ ಬೀನ್ಸನ್ನು ಹಂದಿ ಕೊಬ್ಬಿನಲ್ಲಿ ಹುರಿಯುವ ರೂಢಿಯಿರುವುದರಿಂದ ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ವಿಕ್ಟೋರಿಯಾ ಮತ್ತು ಗೋಲಿಯಾಡ್‌ಗಳ ನಡುವೆ ಫ್ಯಾನಿನ್ ಎಂಬ ಹಳ್ಳಿ ಸಿಗುತ್ತದೆ. ಹೆದ್ದಾರಿಯಿಂದ ಸ್ವಲ್ಪ ಒಳಗಿರುವ ಯುದ್ಧಭೂಮಿಯನ್ನು ಅನೇಕರು ಗಮನಿಸದೆ ಮುಂದೆ ಹೋಗುತ್ತಾರೆ. ಒಂದು ಸ್ಮಾರಕ ಕಂಬ, ಹೋರಾಟದ ಜಾಗವನ್ನು ಗುರುತಿಸಲು ನೆಟ್ಟಿದ್ದ ಹತ್ತಿ ಜಿನ್‌ನ ದೊಡ್ಡ ಕಬ್ಬಿಣದ ತಿರುಪು, ಕೆಲವು ಫಲಕಗಳು, ಕುಳಿತು ಬುತ್ತಿ ಬಿಚ್ಚಲು ನೆರಳು, ಇಷ್ಟೇ ಅಲ್ಲಿರುವುದು. ಆದರೂ ಅಲ್ಲಿ ನಿಂತು ಸುತ್ತಲಿನ ಬಯಲನ್ನು ನೋಡಲೇಬೇಕು. 1836ರ ಮಾರ್ಚ್ 19ರಂದು ಗೋಲಿಯಾಡ್‌ನ ಸ್ವಯಂಸೇವಕರ ನಾಯಕ ಜೇಮ್ಸ್ ಫ್ಯಾನಿನ್ ಸುಮಾರು 300 ಜನರೊಂದಿಗೆ ಗೋಲಿಯಾಡ್ ಕೋಟೆಯನ್ನು ತೊರೆದು ವಿಕ್ಟೋರಿಯಾದ ಕಡೆಗೆ ಹಿಂದೆ ಸರಿಯುತ್ತಿದ್ದಾಗ, ಹಸಿದ ಎತ್ತುಗಳು ಮುಂದೆ ಸಾಗದೆ, ಬಂಡಿಯೊಂದು ಮುರಿದು, ಈ ಬಯಲಿನಲ್ಲಿ ಮೆಕ್ಸಿಕೊದ ಸೇನಾನಿ ಹೊಸೆ ಉರೆಯಾನ ಕುದುರೆ ಪಡೆಗೆ ಸಿಕ್ಕಿಬಿದ್ದನು. ಕೊಲೆಟೊ ಹಳ್ಳದ ಮರಗಳು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿದ್ದವು. ಅಲ್ಲಿಗೆ ತಲುಪಿದ್ದರೆ ನೀರೂ ಮರೆಯೂ ಎರಡೂ ಸಿಗುತ್ತಿದ್ದವು. ಸ್ವಯಂಸೇವಕರು ಚೌಕಾಕಾರದ ವ್ಯೂಹ ರಚಿಸಿ ಕತ್ತಲಾಗುವವರೆಗೂ ಹೋರಾಡಿದರು; ಗಾಯಾಳುಗಳಿಗೆ ಕುಡಿಯಲೂ, ಕಾದ ಫಿರಂಗಿಗಳನ್ನು ತಂಪು ಮಾಡಲೂ ನೀರಿರಲಿಲ್ಲ. ಮರುದಿನ ಬೆಳಿಗ್ಗೆ ಉರೆಯಾನಿಗೆ ಫಿರಂಗಿಗಳೂ ಹೆಚ್ಚಿನ ಪಡೆಯೂ ಬಂದಾಗ ಶರಣಾಗತರಾದರು. ಓಡಬಲ್ಲವರು ರಾತ್ರಿಯೇ ತಪ್ಪಿಸಿಕೊಳ್ಳಬಹುದಿತ್ತು. ಗಾಯಗೊಂಡ ಗೆಳೆಯರನ್ನು ಬಿಟ್ಟುಹೋಗಲು ಅವರು ಒಪ್ಪಲಿಲ್ಲ.

ಇವರು ಇಂಥ ಸ್ಥಿತಿಗೆ ಬಂದದ್ದೇಕೆ ಎಂಬ ಪ್ರಶ್ನೆಗೆ ಉತ್ತರವೂ ಸ್ವಯಂಸೇವಕ ಸೈನ್ಯದ ಸ್ವರೂಪದಲ್ಲಿಯೇ ಇದೆ. ಅವರು ತಮ್ಮ ಅಧಿಕಾರಿಗಳನ್ನು ತಾವೇ ಮತ ಹಾಕಿ ಆರಿಸುತ್ತಿದ್ದರು. ತಾತ್ಕಾಲಿಕ ಸರ್ಕಾರದ ಗವರ್ನರ್ ಮತ್ತು ಮಂಡಳಿಗಳ ನಡುವೆಯೇ ಜಗಳವಿತ್ತು. ಸ್ಯಾಮ್ ಹ್ಯೂಸ್ಟನ್ ಸೇನಾಧಿಪತಿ ಎನಿಸಿಕೊಂಡಿದ್ದರೂ ಈ ದಳಗಳು ಅವನ ಮಾತಿಗೆ ಕಟ್ಟುಬಿದ್ದಿರಲಿಲ್ಲ. ಕೋಟೆಯನ್ನು ಬಿಟ್ಟು ವಿಕ್ಟೋರಿಯಾಕ್ಕೆ ಹಿಂದೆ ಸರಿಯಬೇಕೆಂಬ ಅವನ ಆದೇಶ ಬಂದ ಮೇಲೂ, ಬೇರೆಡೆಗೆ ಕಳುಹಿಸಿದ್ದ ಜಾರ್ಜಿಯಾದ ತುಕಡಿಗಳ ದಾರಿ ಕಾಯುತ್ತ ಫ್ಯಾನಿನ್ ಹಲವು ದಿನ ಕಳೆದನು.

ಗೋಲಿಯಾಡ್ ತಲುಪಿದ ಮೇಲೆ ಪ್ರೆಸಿಡಿಯೊ ಲಾ ಬಹಿಯಾ ಕೋಟೆಗೆ ಕನಿಷ್ಠ ಮೂರು ಗಂಟೆ ಮೀಸಲಿಡಿ. 1749ರಲ್ಲಿ ಈ ಜಾಗಕ್ಕೆ ಸ್ಥಳಾಂತರಗೊಂಡ ಸ್ಪೇನಿನ ಕೋಟೆಯಿದು. 1960ರ ದಶಕದಲ್ಲಿ ಜೀರ್ಣೋದ್ಧಾರಗೊಂಡಿದೆ. ಆಲಮೊದಲ್ಲಿ ಉಳಿದಿರುವುದು ಚರ್ಚು ಮತ್ತು ಒಂದೆರಡು ಭಾಗ ಮಾತ್ರ. ಇಲ್ಲಿ ನಾಲ್ಕೂ ಕಡೆಯ ಗೋಡೆ, ಅಂಗಳ, ಬುರುಜುಗಳ ನಡುವೆ ನಡೆದಾಡಬಹುದು. ಅಂಗಳದ ಮೂಲೆಯಲ್ಲಿರುವ ಲೊರೆಟೊ ಮಾತೆಯ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆಯಾದ್ದರಿಂದ ಭಾನುವಾರ ಹೋಗುವವರು ಅದಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳಬೇಕು. ಸೆರೆಸಿಕ್ಕ ಸೈನಿಕರನ್ನು ಮೊದಲು ಕೂಡಿಹಾಕಿದ್ದು ಇದೇ ಗುಡಿಯಲ್ಲಿ. ಒಳಗೆ ನಿಂತರೆ ನೂರಾರು ಜನರಿಗೆ ಆ ಜಾಗ ಎಷ್ಟು ಇಕ್ಕಟ್ಟಾಗಿದ್ದಿರಬೇಕು ಎಂಬುದು ಯಾವ ಫಲಕದ ನೆರವೂ ಇಲ್ಲದೆ ಅರಿವಾಗುತ್ತದೆ.

ಶಸ್ತ್ರ ಹಿಡಿದು ಬಂದ ವಿದೇಶೀಯರನ್ನು ಕಡಲ್ಗಳ್ಳರಂತೆ ಕಾಣಬೇಕೆಂದು ಮೆಕ್ಸಿಕೊ 1835ರ ಡಿಸೆಂಬರ್ 30ರಂದು ಆಜ್ಞೆ ಹೊರಡಿಸಿತ್ತು. ಸೆರೆಯಾಳುಗಳಿಗೆ ಕರುಣೆ ತೋರಬೇಕೆಂದು ಉರೆಯಾ ಬರೆದುಕೊಂಡರೂ, ಸಾಂಟಾ ಆನಾ ಕೋಟೆಯ ಅಧಿಕಾರಿ ಪೋರ್ಟಿಯಾನಿಗೆ ನೇರವಾಗಿ ಮರಣದಂಡನೆಯ ಆದೇಶ ಕಳುಹಿಸಿದನು. ಮಾರ್ಚ್ 27, ಈಸ್ಟರ್‌ಗೆ ಹಿಂದಿನ ಭಾನುವಾರವಾದ ಪಾಮ್ ಸಂಡೆಯ ಬೆಳಿಗ್ಗೆ, ನಡೆಯಬಲ್ಲ ಸೆರೆಯಾಳುಗಳನ್ನು ಮೂರು ಸಾಲುಗಳಾಗಿ ಮೂರು ದಾರಿಗಳಲ್ಲಿ ಕರೆದೊಯ್ದು ಗುಂಡಿಟ್ಟು ಕೊಲ್ಲಲಾಯಿತು. ಮನೆಗೆ ಹೊರಟಿದ್ದೇವೆಂದು ಅವರಲ್ಲಿ ಅನೇಕರು ನಂಬಿದ್ದರು. ಗಾಯಾಳುಗಳನ್ನೂ ಕೊನೆಯಲ್ಲಿ ಫ್ಯಾನಿನ್‌ನನ್ನೂ ಕೋಟೆಯೊಳಗೇ ಕೊಂದರು. ಸತ್ತವರು ಸುಮಾರು 340 ಜನ, ಎಂದರೆ ಆಲಮೊದಲ್ಲಿ ಮಡಿದವರಿಗಿಂತ ಬಹಳ ಹೆಚ್ಚು. 28 ಮಂದಿ ಹೊಗೆಯ ಮರೆಯಲ್ಲಿ ನದಿಯ ಕಡೆಗೆ ಓಡಿ ಪಾರಾದರು. ಗ್ರೇಸ್ ದಳದ ಜರ್ಮನ್ ತರುಣ ಹರ್ಮನ್ ಎರೆನ್‌ಬರ್ಗ್ ಅವರಲ್ಲೊಬ್ಬ. ವೈದ್ಯನೆಂಬ ಕಾರಣಕ್ಕೆ ಶ್ಯಾಕಲ್‌ಫರ್ಡ್‌ನನ್ನು ಉಳಿಸಿದರು. ಅವನ ಸ್ವಂತ ಮಗ ಅಂದು ಸತ್ತವರಲ್ಲಿದ್ದನು. ಮೆಕ್ಸಿಕೊ ಸೇನೆಯ ಜೊತೆಯಲ್ಲಿದ್ದ ಫ್ರಾನ್ಸಿಸ್ಕಾ ಅಲ್ವಾರೆಸ್ ಎಂಬ ಹೆಣ್ಣುಮಗಳು ಕೆಲವರ ಪ್ರಾಣ ಉಳಿಸಿದಳೆಂಬುದನ್ನು ಬದುಕುಳಿದವರೇ ಬರೆದಿಟ್ಟಿದ್ದಾರೆ. ‘ಗೋಲಿಯಾಡ್‌ನ ದೇವತೆ’ ಎಂದು ಹೆಸರಾದ ಆಕೆಯ ಪ್ರತಿಮೆ ಕೋಟೆಯ ಬಳಿಯಲ್ಲಿದೆ.

ಕೋಟೆಯಿಂದ ನಡೆದೇ ಹೋಗಬಹುದಾದ ದೂರದಲ್ಲಿ ಸತ್ತವರ ಸಮಾಧಿ ಇದೆ. ಕೊಂದ ಮೇಲೆ ಸುಟ್ಟ ಶವಗಳ, ಅರೆಬೆಂದು ಬಯಲಿನಲ್ಲಿ ಬಿದ್ದಿದ್ದ ಅವಶೇಷಗಳನ್ನು ಜೂನ್ ತಿಂಗಳಿನಲ್ಲಿ ಥಾಮಸ್ ರಸ್ಕ್ ಎಂಬ ಸೇನಾನಿ ಒಟ್ಟುಗೂಡಿಸಿ ಸೇನಾ ಗೌರವದೊಂದಿಗೆ ಹೂಳಿಸಿದನು. ಅದರ ಮೇಲೆ 1930ರ ದಶಕದಲ್ಲಿ ನಿರ್ಮಿಸಿದ ಗುಲಾಬಿ ಗ್ರಾನೈಟಿನ ಸ್ಮಾರಕದಲ್ಲಿ ಹೆಸರುಗಳನ್ನು ಕೆತ್ತಲಾಗಿದೆ. ಅವಸರ ಮಾಡದೆ ಆ ಹೆಸರುಗಳನ್ನು ಓದಿ. ಇವರಲ್ಲಿ ಹೆಚ್ಚಿನವರು ಟೆಕ್ಸಸ್‌ಗೆ ಬಂದು ಕೆಲವೇ ತಿಂಗಳಾಗಿತ್ತು.

ಕೋಟೆಯ ಪಕ್ಕದಲ್ಲಿಯೇ 1862ರಲ್ಲಿ ಪ್ಯೂಬ್ಲಾದಲ್ಲಿ ಫ್ರೆಂಚರನ್ನು ಸೋಲಿಸಿದ ಮೆಕ್ಸಿಕೊದ ಸೇನಾನಿ ಇಗ್ನಾಸಿಯೊ ಸರಗೋಸನ ಜನ್ಮಸ್ಥಳವಿದೆ. ಅದನ್ನೂ ನೋಡಿ, ಈ ನೆಲವು ಒಂದೇ ಕಡೆಯವರ ವೀರರದ್ದಲ್ಲ ಎಂಬುದು ಮಕ್ಕಳಿಗೂ ತಿಳಿಯುತ್ತದೆ.

ಹೋಗಲು ಒಳ್ಳೆಯ ಕಾಲ ಮಾರ್ಚ್. ರಸ್ತೆಯ ಬದಿಗಳಲ್ಲಿ ನೀಲಿ ಬ್ಲೂಬಾನೆಟ್ ಹೂಗಳು ಅರಳಿರುತ್ತವೆ, ಬಿಸಿಲು ಹಿತವಾಗಿರುತ್ತದೆ. ಮಾರ್ಚ್ 27ರ ಆಸುಪಾಸಿನ ವಾರಾಂತ್ಯದಲ್ಲಿ ಕೋಟೆಯೊಳಗೆ ಅಂದಿನ ಉಡುಪು ತೊಟ್ಟವರು ಘಟನೆಗಳನ್ನು ಅಭಿನಯಿಸಿ ತೋರಿಸುತ್ತಾರೆ. ಕೋಟೆಯಲ್ಲಿ ಹಿಂದೆ ಪಾದ್ರಿಗಳು ವಾಸಿಸುತ್ತಿದ್ದ ಕೋಣೆಗಳನ್ನು ರಾತ್ರಿ ತಂಗಲು ಬಾಡಿಗೆಗೆ ಕೊಡುತ್ತಾರೆ. ಕೋಟೆಯೊಳಗೆ ಇರುವುದು ಅದೊಂದೇ ವಸತಿಯಾದ್ದರಿಂದ ಬಹಳ ಮುಂಚೆ ಕಾದಿರಿಸಬೇಕು; ಸಿಗದಿದ್ದರೆ ವಿಕ್ಟೋರಿಯಾದಲ್ಲಿ ತಂಗಿ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ವಯಸ್ಸಾದವರನ್ನು ಕರೆದುಕೊಂಡು ಹೋಗಲೇಬೇಡಿ; ಅಂಗಳದಲ್ಲಿ ನೆರಳಿಲ್ಲ.

ಎರಡನೆಯ ದಿನ ಸುಮಾರು 90 ಮೈಲಿ ಕ್ರಮಿಸಿ ಸ್ಯಾನ್ ಆಂಟೋನಿಯೊ ತಲುಪಬಹುದು. ಆಲಮೊದ ಚರ್ಚಿಗೆ ಪ್ರವೇಶ ಉಚಿತವಾದರೂ ಸಮಯವನ್ನು ಆನ್‌ಲೈನ್‌ನಲ್ಲಿ ಕಾದಿರಿಸಿಕೊಂಡು ಹೋಗಿ. ಒಳಗೆ ಟೋಪಿ ತೆಗೆಯಬೇಕು. ಮಾರ್ಚ್ 6ರಂದು ಇಲ್ಲಿ ಮಡಿದವರಲ್ಲಿಯೂ ಗ್ರೇಸ್ ದಳದವರಿದ್ದರು. ಗೋಲಿಯಾಡ್ ನೋಡಿ ಬಂದವರಿಗೆ ಚೌಕದ ಸ್ಮಾರಕದ ಮೇಲಿನ ಹೆಸರುಗಳು ಆಗಲೇ ಪರಿಚಿತರ ಹೆಸರುಗಳಂತೆ ತೋರುತ್ತವೆ. ಗ್ರೆಗೊರಿಯೊ ಎಸ್ಪಾರ್ಸಾನ ಹೆಸರನ್ನು ಹುಡುಕಿ: ಸ್ಥಳೀಯನಾದ ಅವನು ಕೋಟೆಯೊಳಗೆ ಹೋರಾಡಿ ಸತ್ತನು, ಮೆಕ್ಸಿಕೊ ಸೇನೆಯಲ್ಲಿದ್ದ ಅವನ ಸಹೋದರ ಅನುಮತಿ ಬೇಡಿ ಅವನ ಶವವನ್ನು ಮಣ್ಣು ಮಾಡಿದನು.

ಹಿಂದಿರುಗುವಾಗ ಹೆದ್ದಾರಿ 10ರಿಂದ ಸ್ವಲ್ಪ ದಕ್ಷಿಣಕ್ಕೆ ಇಳಿದರೆ ಗೊಂಜಾಲೆಸ್ ಸಿಗುತ್ತದೆ. ಮುತ್ತಿಗೆಯ ನಡುವೆಯೇ ಆಲಮೊಗೆ ನುಗ್ಗಿ ಪ್ರಾಣ ಕೊಟ್ಟ 32 ಜನ ಹೊರಟಿದ್ದು ಈ ಊರಿನಿಂದ. ಅಲ್ಲಿನ ಸಣ್ಣ ವಸ್ತುಸಂಗ್ರಹಾಲಯಕ್ಕೆ ಒಂದು ಗಂಟೆ ಸಾಕು. ಹ್ಯೂಸ್ಟನ್‌ನವರು ಸ್ಯಾನ್ ಹಸಿಂಟೊವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಬಹುದು. ಏಪ್ರಿಲ್ 21ರಂದು ಆಲಮೊವನ್ನೂ ಗೋಲಿಯಾಡನ್ನೂ ನೆನೆದು ಕೂಗುತ್ತ ಮುನ್ನುಗ್ಗಿದ ಪಡೆ ಕದನವನ್ನು ಸುಮಾರು 18 ನಿಮಿಷಗಳಲ್ಲಿ ಗೆದ್ದದ್ದು ಅಲ್ಲಿ. ಅಲ್ಲಿ 567 ಅಡಿ ಎತ್ತರದ ಸ್ಮಾರಕವಿದ್ದು, ಲಿಫ್ಟಿನಲ್ಲಿ ಮೇಲೇರಿ ರಣಭೂಮಿಯನ್ನೆಲ್ಲ ನೋಡಬಹುದು. ಹಿಂದೆ ಅಲ್ಲಿದ್ದ ಟೆಕ್ಸಸ್ ಯುದ್ಧನೌಕೆಯನ್ನು 2022ರಲ್ಲಿ ದುರಸ್ತಿಗಾಗಿ ಗ್ಯಾಲ್ವೆಸ್ಟನ್‌ಗೆ ಸಾಗಿಸಲಾಯಿತಾದ್ದರಿಂದ ಅದನ್ನು ನೋಡುವ ಆಸೆಯಿಂದ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಡಿ.