“ಹಂಗಾದ್ರೆ ನನ್ನ ತಪ್ಪಲ್ವಾ ತಮಾ?”

ಈ ವಾರ ಪೂರ್ತಿ ಈ ಒಂದು ಮಾತು ತಲೆಯಲ್ಲಿ ಸುತ್ತುತ್ತಾ ಇದೆ. ಕೇಳಿದ್ದು ತೂಕದ ಕೌಂಟರಿನ ಅಕ್ಕ. ಹೊಸ ಕೇಬಲ್ ಹಾಕಿದ ಮೇಲೆ ಬಿಲ್ ಒತ್ತಿದ ಕೂಡಲೇ ಬಂತು, ಪ್ರಿಂಟರ್ ಶುರುವಾಯಿತು. ಅವರು ಬೆರಳು ಎಂಟರ್ ಮೇಲೇ ಇಟ್ಟುಕೊಂಡು ಕೂತಿದ್ದರು, ಇನ್ನೊಮ್ಮೆ ಒತ್ತಬೇಕಾಗುತ್ತದೆ ಅಂತ. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, “ಹಂಗಾದ್ರೆ ಇಷ್ಟು ವರ್ಷ ನನ್ನ ತಪ್ಪಲ್ವಾ ತಮಾ?”

ಶಿರಸಿಯಲ್ಲಿ ಅಡಿಕೆ ವ್ಯವಹಾರದ ಒಂದು ಆಫೀಸು, ಹೆಸರು ಬೇಡ. ಅಲ್ಲಿಯ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ಹಿಂದೆ ನೋಡುತ್ತಿದ್ದವರು ಬೆಂಗಳೂರಿಗೆ ಹೋದರು, ಯಾವ ವೈರ್ ಎಲ್ಲಿಗೆ ಹೋಗುತ್ತದೆ ಅನ್ನುವುದೂ ಅವರ ಜೊತೆಗೇ ಹೋಯಿತು. ಒಂದು ಚೀಟಿ ಇಲ್ಲ. ರ‍್ಯಾಕ್ ಬಾಗಿಲು ತೆಗೆದರೆ ನೀಲಿ, ಬೂದು, ಹಳದಿ ವೈರಿನ ಗಂಟು, ಅದರ ಮಧ್ಯೆ ಜೇಡರ ಬಲೆ. ಎರಡು ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ 7 ಓಡುತ್ತಿದೆ, ಅದಕ್ಕೆ ಕಂಪನಿಯ ಸಪೋರ್ಟ್ ನಿಂತಿದ್ದು 2020ರ ಜನವರಿಯಲ್ಲಿ. ವೈಫೈ ಬೇಕು ಅಂತ ಯಾರೋ ಮನೆಗೆ ಹಾಕುವ ರೌಟರ್ ತಂದು ಸಿಕ್ಕಿದ ಸ್ವಿಚ್ಚಿಗೆ, ಅಂದರೆ ನೆಟ್‌ವರ್ಕ್ ವೈರುಗಳು ಬಂದು ಸೇರುವ ಪೆಟ್ಟಿಗೆಗೆ, ಚುಚ್ಚಿದ್ದರು. ಅದೂ ಐಪಿ (ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ವಿಳಾಸ) ಹಂಚುತ್ತಿತ್ತು, ದೊಡ್ಡ ರೌಟರೂ ಹಂಚುತ್ತಿತ್ತು. ಯಾರಿಗೆ ಯಾವುದು ಮೊದಲು ಸಿಗುತ್ತದೋ ಅದರ ಮೇಲೆ ಆ ದಿನದ ಕೆಲಸ. ಅದನ್ನು ಸರಿ ಮಾಡೋಕೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. ಸಣ್ಣ ರೌಟರಿನಲ್ಲಿ ಐಪಿ ಹಂಚುವ ಡಿಎಚ್‌ಸಿಪಿ ಆಫ್ ಮಾಡಿದರೆ ಮುಗಿಯಿತು.

ತೂಕದ ಕೌಂಟರ್ ಮಾತ್ರ ಸರಿ ಹೋಗಲಿಲ್ಲ. ಅದು ಅಂಗಳದ ಆ ತುದಿಯಲ್ಲಿದೆ. ಸೀಜನ್ನಿನಲ್ಲಿ ಚಾಲಿ, ರಾಶಿ, ಬೆಟ್ಟೆ ಅಂತ ಬಗೆಬಗೆಯ ಅಡಿಕೆಯ ಚೀಲಗಳು ಸಾಲಾಗಿ ಬರುತ್ತವೆ, ಅಕ್ಕ ತೂಕ ನಮೂದಿಸುತ್ತಾರೆ, ಬಿಲ್ ಒತ್ತುತ್ತಾರೆ, ಪರದೆ ಸುತ್ತುತ್ತಾ ನಿಲ್ಲುತ್ತದೆ. ಹಿಂದೆ ನಿಂತವರು ಬಿಡುತ್ತಾರಾ? “ಎಂತ ಮಾರಾಯ್ತಿ, ಇನ್ನೂ ಆಗ್ಲಿಲ್ವನೇ?” ಅವರಿಗೂ ಊರಿಗೆ ಹೋಗುವ ಬಸ್ಸು ತಪ್ಪುತ್ತದೆ, ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಮ್ಯಾನೇಜರ್ ಮೊದಲ ದಿನವೇ ನನ್ನ ಹತ್ತಿರ ಹೇಳಿದ್ದರು, “ಆ ಕೌಂಟರ್ ಬಗ್ಗೆ ತಲೆ ಕೆಡಿಸ್ಕೋಬೇಡಿ, ಅವರಿಗೆ ಕಂಪ್ಯೂಟರ್ ಸ್ವಲ್ಪ ಕಷ್ಟ.” ಕೆಟ್ಟ ಮನುಷ್ಯ ಅಲ್ಲ ಅವರು. ಆದರೆ ಎಷ್ಟು ಸಲೀಸಾಗಿ ಹೇಳಿಬಿಟ್ಟರು ನೋಡಿ.

ರಿಪೇರಿಗೆ ಬರುತ್ತಿದ್ದವರ ಬಗ್ಗೆ ನನಗೆ ನಿಜವಾಗಿ ಸಿಟ್ಟಿದೆ. ಬಂದಾಗಲೆಲ್ಲ ಅಕ್ಕನ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದ್ದಾರೆ, ರ‍್ಯಾಮ್ ಹಾಕಿದ್ದಾರೆ, ಕೀಬೋರ್ಡ್ ಬದಲಿಸಿದ್ದಾರೆ, ಬಿಲ್ ಮಾಡಿದ್ದಾರೆ. ಗೋಡೆಯ ಆಚೆ ವೈರ್ ಎಲ್ಲಿಗೆ ಹೋಗುತ್ತದೆ ಅಂತ ಒಬ್ಬರೂ ತಲೆ ಎತ್ತಿ ನೋಡಿಲ್ಲ. ತೋಟಕ್ಕೆ ನೀರಿನ ಪೈಪು ನಡುವೆ ಒಡೆದಿದ್ದರೆ ತುದಿಯಲ್ಲಿರುವ ಮರಕ್ಕೆ ಬೈದು ಬರುತ್ತೀವಾ?

ನಾನು ಮಾಡಿದ್ದು ಇಷ್ಟೇ. ಅಕ್ಕನ ಕಂಪ್ಯೂಟರನ್ನು ಎತ್ತಿಕೊಂಡು ಬಂದು ಒಳಗಿನ ಟೇಬಲ್ ಮೇಲೆ ಇಟ್ಟೆ. ಗಾಳಿಯ ಹಾಗೆ ಓಡಿತು. ಮ್ಯಾನೇಜರ್ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ಅಕ್ಕನ ಕೇಬಲ್ಲಿಗೆ ಹಾಕಿದೆ. ಅದೂ ಸುತ್ತುತ್ತಾ ನಿಂತಿತು. ಹೊರಗೆ ಜೋರು ಮಳೆ. ಪಿಂಗ್, ಅಂದರೆ ದಾರಿ ಸರಿ ಇದೆಯಾ ಅಂತ ನೋಡುವ ಸಣ್ಣ ಸಂದೇಶ, ಕಳಿಸಿದರೆ ಮೂರರಲ್ಲಿ ಒಂದು ವಾಪಸ್ಸೇ ಬರುತ್ತಿರಲಿಲ್ಲ. ಕಳೆದುಹೋದದ್ದನ್ನು ಕಂಪ್ಯೂಟರ್ ಮತ್ತೆ ಮತ್ತೆ ಕಳಿಸುತ್ತದೆ, ಅದಕ್ಕೇ ಪೂರ್ತಿ ನಿಲ್ಲುವುದಿಲ್ಲ, ಬರೀ ನಿಧಾನ ಆಗುತ್ತದೆ. ಪೂರ್ತಿ ನಿಂತಿದ್ದರೆ ವೈರ್ ಹೋಗಿದೆ ಅಂತ ಯಾರಾದರೂ ಹೇಳುತ್ತಿದ್ದರು. ನಿಧಾನ ಆದ್ದರಿಂದ ಕೂತವರ ಮೇಲೆ ಬಂತು.

ವೈರ್ ತೋರಿಸಿದ್ದು ವಾಚ್‌ಮನ್. ಆ ಆಫೀಸಿನಲ್ಲಿ ಕಟ್ಟಡದ ಬಗ್ಗೆ ಪೂರ್ತಿ ಗೊತ್ತಿರುವವರು ಅವರೊಬ್ಬರೇ, ಅವರನ್ನು ಯಾರೂ ಕೇಳಿರಲಿಲ್ಲ. ಗೋದಾಮಿನ ಅಟ್ಟಕ್ಕೆ ಏಣಿ ಹಾಕಿ ಕೊಟ್ಟರು. ಹಂಚಿನ ಕೆಳಗೆ, ನೀರು ತೊಟ್ಟಿಕ್ಕುವ ಜಾಗದಲ್ಲೇ ಒಂದು ಜಾಯಿಂಟ್. ಕರೆಂಟಿನ ವೈರ್ ಜೋಡಿಸುವ ಹಾಗೆ ತಿರುಚಿ ಟೇಪ್ ಸುತ್ತಿದ್ದರು. ಟೇಪ್ ಅಂಟು ಕರಗಿ ಕೈಗೆ ಮೆತ್ತಿಕೊಂಡಿತು. ಒಳಗೆ ಎಂಟು ಎಳೆಯಲ್ಲಿ ನಾಲ್ಕನ್ನೇ ಜೋಡಿಸಿದ್ದಾರೆ, ಕಿತ್ತಳೆ ಜೋಡಿ, ಹಸಿರು ಜೋಡಿ. ನೂರು ಎಂಬಿಪಿಎಸ್ ವೇಗಕ್ಕೆ ಅಷ್ಟು ಸಾಕು, ಅದು ಸುಳ್ಳಲ್ಲ. ಆದರೆ ತಾಮ್ರ ಪಾಚಿಯ ಬಣ್ಣಕ್ಕೆ ತಿರುಗಿತ್ತು, ಹಸಿರು ಎಳೆಯ ಒಂದು ತುದಿಯನ್ನು ಇಲಿ ಕಚ್ಚಿತ್ತು. ಮೇಲಾಗಿ ಈ ಕೇಬಲ್ 100 ಮೀಟರ್ ದಾಟಬಾರದು. ಅಟ್ಟ ಸುತ್ತಿ ಬಂದ ಇದು ದಾಟಿತ್ತು. ಬಿಸಿಲಿನಲ್ಲಿ ಹೇಗೋ ನಡೆಯುತ್ತಿತ್ತು, ಮಳೆ ಬಂದರೆ ಅಕ್ಕನಿಗೆ ಕಂಪ್ಯೂಟರ್ ಬರುವುದಿಲ್ಲ.

ಅಲ್ಲಿಗೆ ಫೈಬರ್ ಎಳೆದೆವು, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್, ತಾಮ್ರದ ಸಿಗ್ನಲ್ಲನ್ನು ಬೆಳಕಿಗೆ, ಬೆಳಕನ್ನು ವಾಪಸ್ ಸಿಗ್ನಲ್ಲಿಗೆ ಬದಲಿಸುವ ಡಬ್ಬಿ. ಗಾಜಿನ ಎಳೆ, ಬೆಳಕು ಹೋಗುವುದು, ಆ ದೂರ ಅದಕ್ಕೆ ಏನೂ ಅಲ್ಲ. ಏಪ್ರಿಲ್-ಮೇ ಗುಡುಗು ಮಿಂಚಿನಲ್ಲಿ ಉದ್ದ ತಾಮ್ರದ ವೈರ್ ಹಿಡಿದು ಸಿಡಿಲಿನ ಕರೆಂಟ್ ಬಂದು ಪೋರ್ಟ್ ಸುಡುವ ಹೆದರಿಕೆಯೂ ತಪ್ಪಿತು.

ಅದಾದ ಮೇಲೇ ಅಕ್ಕ ಹಾಗೆ ಕೇಳಿದ್ದು. ನಾನು “ಅಲ್ಲವೇ ಅಲ್ಲ ಅಕ್ಕಾ” ಅಂದೆ. ಅವರು ನಗಲೂ ಇಲ್ಲ, ಖುಷಿಪಟ್ಟ ಹಾಗೂ ಕಾಣಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು, ಒಳಗಿನ ಟೇಬಲ್‌ಗೆ ಬನ್ನಿ ಅಂತ ಹಿಂದೆ ಕರೆದಿದ್ದರಂತೆ, ಅಕೌಂಟ್ಸ್ ಕೆಲಸಕ್ಕೆ. ನನಗೆ ಬರಲ್ಲ ಅಂತ ಇವರೇ ಬೇಡ ಅಂದರಂತೆ. ಇದಕ್ಕೆ ಯಾವ ಕೇಬಲ್ ಹಾಕೋದು?

ಇದು ಒಂದು ಆಫೀಸಿನ ಕಥೆ ಮಾತ್ರ ಅಲ್ಲ ಅನ್ನಿಸುತ್ತದೆ. ರೇಷನ್ ಅಂಗಡಿಯಲ್ಲಿ ಥಂಬ್ ತಗೊಳ್ಳದಿದ್ದರೆ “ಅಜ್ಜೀ, ನಿಮ್ಮ ಬೆರಳು ಸವೆದಿದೆ” ಅನ್ನುತ್ತಾರೆ. ಅಡಿಕೆ ಸುಲಿದು, ಕತ್ತಿ ಹಿಡಿದು ಬೆರಳು ಸವೆಯದೆ ಇನ್ನೇನಾಗಬೇಕು? ಬ್ಯಾಂಕಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಸರತಿಯವರು ರೇಗುವುದು ಕೌಂಟರಿನ ಹುಡುಗಿಯ ಮೇಲೆ. ಯಂತ್ರದ ದೋಷ ಹೋಗಿ ಹೋಗಿ ಯಾರ ಬಾಯಿ ಸಣ್ಣದೋ ಅವರ ಮೇಲೆ ಕೂರುತ್ತದೆ. ಕೂತ ಮೇಲೆ ಅದು ಅವರ ಗುಣ ಆಗಿಬಿಡುತ್ತದೆ, ಅವರೂ ನಂಬುತ್ತಾರೆ.

ಈಗ ಎಲ್ಲ ವೈರಿಗೂ ಎರಡೂ ತುದಿಯಲ್ಲಿ ನಂಬರ್ ಅಂಟಿಸಿದ್ದೇನೆ. ರ‍್ಯಾಕ್ ಬಾಗಿಲಿನ ಒಳಗೆ ಕನ್ನಡದಲ್ಲೇ ಪಟ್ಟಿ ಇದೆ, ವಾಚ್‌ಮನ್ ಕೂಡ ಓದಬಹುದು. ಮ್ಯಾನೇಜರ್ ರಿಪೋರ್ಟ್ ಕೇಳಿದ್ದಾರೆ. ಮೊದಲ ಸಾಲಿನಲ್ಲೇ ಬರೆದಿದ್ದೇನೆ: ತೂಕದ ಕೌಂಟರಿನ ನಿಧಾನಕ್ಕೆ ಕಾರಣ ಕೇಬಲ್, ಸಿಬ್ಬಂದಿ ಅಲ್ಲ. “ಇದೆಲ್ಲ ಯಾಕೆ, ಅವರು ಏನೂ ಅಂದ್ಕೊಳ್ಳಲ್ಲ ಬಿಡಿ” ಅಂದರು. ನಾನು ಆ ಸಾಲು ತೆಗೆಯಲಿಲ್ಲ. ಸೋಮವಾರ ಮೀಟಿಂಗಿನಲ್ಲಿ ಅವರು ಓದದಿದ್ದರೆ ನಾನೇ ಎದ್ದು ಓದುತ್ತೇನೆ.